ತಕ್ಕಡಿ ಯಾರ ಕೈಯಲ್ಲಿ?

(ಕಮ್ಮರಡಿಯ ಸಾರ್ವಜನಿಕ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣದ ಪಾಠ)



ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನಡುವಣ ಅಧಿಕಾರ ಹಂಚಿಕೆ ಎಂದು ಈ ದಿನದ ವಿಷಯವನ್ನು ಕರಪತ್ರದಲ್ಲಿ ಅಚ್ಚು ಮಾಡಿಸಿದಾಗ ನಮ್ಮ ಗೆಳೆಯರೊಬ್ಬರು ನಕ್ಕರು. "ಮೇಷ್ಟ್ರೇ, ಇದು ದೆಹಲಿಯ ವಕೀಲರು ಆಡುವ ಮಾತು. ಅಡಿಕೆ ಧಾರಣೆ, ಅಕ್ಕಿಯ ಬೆಲೆ, ಕಾಡಿನವರ ಕಾಟ ಇವನ್ನು ಬಿಟ್ಟು ಬೇರೆ ಮಾತನಾಡಿದರೆ ಕಮ್ಮರಡಿಯಲ್ಲಿ ಯಾರು ಕೂತು ಕೇಳುತ್ತಾರೆ?" ಎಂದರು. ಆ ಮೂರನ್ನೇ ಮಾತನಾಡಲು ಬರುತ್ತಿದ್ದೇವೆ ಎಂದು ನಾವು ಉತ್ತರ ಕೊಟ್ಟೆವು. ಅಡಿಕೆ ಧಾರಣೆ ಬಿದ್ದರೆ ಯಾರನ್ನು ಹಿಡಿದು ಕೇಳಬೇಕು, ಅಕ್ಕಿ ಬಾರದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂಬುದು ತಿಳಿಯದಿದ್ದರೆ ನಮ್ಮ ಕೂಗು ಗಾಳಿಗೆ ಹೋಗುತ್ತದೆ. ಅದು ಗಾಳಿಗೆ ಹೋಗಲಿ ಎಂದೇ ಬಯಸುವವರು ಎರಡೂ ಊರುಗಳಲ್ಲಿ, ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ, ಕೂತಿದ್ದಾರೆ.

2025ರ ಜುಲೈ ತಿಂಗಳನ್ನು ನೆನೆಯಿರಿ. ಹಾಲು, ತರಕಾರಿ, ಬೀಡಿ, ಬಿಸ್ಕತ್ತು ಮಾರುವ ಚಿಲ್ಲರೆ ಅಂಗಡಿಯವರಿಗೆ, ಅವರ ಮೊಬೈಲಿನಲ್ಲಿ ಬಂದ ಹಣದ ಲೆಕ್ಕ ಹಿಡಿದು, ತೆರಿಗೆಯ ನೋಟೀಸುಗಳು ಬಂದವು. ಅಂಗಡಿಯವರು ಗಾಬರಿಯಾದರು. ಯು.ಪಿ.ಐ. ಫಲಕಗಳನ್ನು ಕಿತ್ತುಹಾಕಿ ನಗದೇ ಕೊಡಿ ಎಂದು ಚೀಟಿ ಅಂಟಿಸಿದರು. ಆಗ ದೆಹಲಿಯ ಕಡೆಯವರು ಹೇಳಿದ್ದೇನು? ನೋಟೀಸು ಕೊಟ್ಟದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ನಮ್ಮನ್ನು ಕೇಳಬೇಡಿ. ಬೆಂಗಳೂರಿನ ಕಡೆಯವರು ಹೇಳಿದ್ದೇನು? ಜಿ.ಎಸ್.ಟಿ. ಎಂಬುದು ಕೇಂದ್ರ ತಂದ ಕಾನೂನು, ನಮ್ಮನ್ನು ದೂರಬೇಡಿ. ಇಬ್ಬರ ಮಾತೂ ಅರ್ಧ ನಿಜ. ಎರಡು ಅರ್ಧ ನಿಜಗಳ ನಡುವೆ ಪೂರ್ತಿ ಸಿಕ್ಕಿಬಿದ್ದವನು ಅಂಗಡಿಯವನು. ಕೊನೆಗೆ ವರ್ತಕರು ಒಗ್ಗಟ್ಟಿನಿಂದ ನಿಂತ ಮೇಲೆ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲವೆಂದು ರಾಜ್ಯ ಸರ್ಕಾರ ಒಪ್ಪಬೇಕಾಯಿತು.

ಮೂರು ಪಟ್ಟಿಗಳು

ಮೊದಲು ಕಟ್ಟಳೆ ಏನೆಂದು ತಿಳಿಯೋಣ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ಬರೆಯಿತು. ಕೇಂದ್ರದ ಪಟ್ಟಿಯಲ್ಲಿ 97 ವಿಷಯ, ರಾಜ್ಯದ ಪಟ್ಟಿಯಲ್ಲಿ 66, ಇಬ್ಬರಿಗೂ ಸೇರಿದ ಪಟ್ಟಿಯಲ್ಲಿ 47. ಸೈನ್ಯ, ರೈಲು, ನೋಟು, ಆಮದು ರಫ್ತು ಕೇಂದ್ರಕ್ಕೆ. ಜಮೀನು, ಬೇಸಾಯ, ಪೊಲೀಸು, ಸಂತೆ, ಆಸ್ಪತ್ರೆ ರಾಜ್ಯಕ್ಕೆ. ಕೂಲಿ ಕಾನೂನು ಮುಂತಾದವು ಇಬ್ಬರಿಗೂ. ಇಬ್ಬರೂ ಕಾನೂನು ಮಾಡಿ ಒಂದಕ್ಕೊಂದು ತಾಕಿದರೆ ಸಾಮಾನ್ಯವಾಗಿ ಕೇಂದ್ರದ ಮಾತೇ ಮೇಲು. ಯಾವ ಪಟ್ಟಿಯಲ್ಲಿಯೂ ಇಲ್ಲದ ಹೊಸ ವಿಷಯ ಬಂದರೆ ಅದೂ ಕೇಂದ್ರಕ್ಕೆ. ಅಂದರೆ ಹುಟ್ಟಿದಾಗಲೇ ತಕ್ಕಡಿ ಸ್ವಲ್ಪ ಒಂದು ಕಡೆಗೆ ವಾಲಿತ್ತು. ದೇಶ ಆಗತಾನೆ ಒಡೆದು ಹೋಳಾಗಿತ್ತು, ಸಂಸ್ಥಾನಗಳು ಸೇರಬೇಕಾಗಿತ್ತು. ಆ ಕಾಲಕ್ಕೆ ಕೇಂದ್ರ ಬಲವಾಗಿರಲಿ ಎಂದು ಹಿರಿಯರು ಬಗೆದದ್ದರಲ್ಲಿ ಅರ್ಥವಿತ್ತು ಎಂದು ನಾವು ಒಪ್ಪುತ್ತೇವೆ.

ಆದರೆ ಮುಂದೆ ಆದದ್ದೇನು? ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿರೋಧ ಪಕ್ಷದವರನ್ನು ಜೈಲಿನಲ್ಲಿಟ್ಟು, ಸಂವಿಧಾನಕ್ಕೆ 42ನೆಯ ತಿದ್ದುಪಡಿ ತಂದರು. ಐದು ವಿಷಯಗಳನ್ನು ರಾಜ್ಯದ ಪಟ್ಟಿಯಿಂದ ಎತ್ತಿ ಇಬ್ಬರ ಪಟ್ಟಿಗೆ ಹಾಕಿದರು: ಶಿಕ್ಷಣ, ಕಾಡು, ಕಾಡುಪ್ರಾಣಿ ಪಕ್ಷಿಗಳ ರಕ್ಷಣೆ, ನ್ಯಾಯಾಡಳಿತ, ತೂಕ ಮತ್ತು ಅಳತೆ. ಅಂಗಡಿಕಾರ ಮಿತ್ರರೇ, ಕೊನೆಯದನ್ನು ಗಮನಿಸಿ. ನಿಮ್ಮ ಗಲ್ಲಾದ ಮುಂದಿರುವ ತಕ್ಕಡಿ ಕೂಡ ಅಂದು ರಾಜ್ಯದ ಕೈಯಿಂದ ಜಾರಿತು. ತುರ್ತು ಪರಿಸ್ಥಿತಿ ಹೋಯಿತು. 1978ರ 44ನೆಯ ತಿದ್ದುಪಡಿ ಬಂದು ಅನೇಕ ಅನ್ಯಾಯಗಳನ್ನು ಸರಿಪಡಿಸಿತು. ಆದರೆ ಈ ಐದು ವಿಷಯಗಳು ಮಾತ್ರ ಹಿಂತಿರುಗಿ ಬರಲಿಲ್ಲ. ಕದ್ದವನು ಸಿಕ್ಕಿದ, ಕದ್ದ ಮಾಲು ಸಿಗಲಿಲ್ಲ.

ಕಾಡು ಯಾರದು?

ಐದರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನರಿಗೆ ಹೆಚ್ಚು ತಾಕಿದ್ದು ಕಾಡು. ನಮ್ಮ ಮಲೆನಾಡಿನಲ್ಲಿ ಕಾಡು ಬೇರೆ, ಊರು ಬೇರೆ ಅಲ್ಲ. ಮನೆಯ ಹಿತ್ತಲು ಮುಗಿದಲ್ಲಿ ಕಾಡು, ತೋಟದ ಸೊಪ್ಪಿನ ಬೆಟ್ಟ ಕಾಡು, ದನ ಮೇಯುವುದು ಕಾಡು.

ಜಮೀನು ರಾಜ್ಯದ ಪಟ್ಟಿಯಲ್ಲಿದ್ದುದರಿಂದ ಆದ ಉಪಕಾರವನ್ನು ಮೊದಲು ನೆನೆಯಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತರು. ಅಂಥ ಹೋರಾಟಗಳ ಒತ್ತಡದಿಂದ ಭೂಸುಧಾರಣೆಯ ಕಾನೂನು ಬಂದು, 1974ರ ತಿದ್ದುಪಡಿಯಿಂದ ಅದಕ್ಕೆ ಹಲ್ಲು ಬಂತು. ಉಳುವವನು ಹೊಲದೊಡೆಯನಾದ. ಈ ಸಭೆಯಲ್ಲಿ ಕೂತಿರುವ ಅನೇಕರ ಅಪ್ಪ, ಅಜ್ಜಂದಿರು ಡಿಕ್ಲರೇಷನ್ ಹಾಕಿ ಜಮೀನು ಪಡೆದವರೇ. ಅದನ್ನು ಮಾಡಿದ್ದು ರಾಜ್ಯದ ಶಾಸನಸಭೆ. ಜನರಿಗೆ ಹತ್ತಿರವಿದ್ದ ಸರ್ಕಾರವಾದುದರಿಂದ ಜನರ ಒತ್ತಡ ಅದಕ್ಕೆ ತಾಕಿತು.

ಕಾಡಿನ ಕತೆ ಬೇರೆ. 42ನೆಯ ತಿದ್ದುಪಡಿಯ ಬಾಗಿಲಿನಿಂದ 1980ರಲ್ಲಿ ಅರಣ್ಯ ಸಂರಕ್ಷಣಾ ಕಾನೂನು ಬಂತು. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಿಡಬೇಕಾದರೆ ರಾಜ್ಯವು ಕೇಂದ್ರದ ಒಪ್ಪಿಗೆ ಪಡೆಯಬೇಕು. ಕಾಡು ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ತುಂಗೆ ಹರಿಯುವುದು ಕಾಡಿನಿಂದ. ರಾಜ್ಯ ಸರ್ಕಾರಗಳು ಕಾಡನ್ನು ಮನಬಂದಂತೆ ಹಂಚಿದ್ದೂ ಸುಳ್ಳಲ್ಲ. ಆದರೆ ಕೇಂದ್ರದ ಕೈಗೆ ಹೋದರೆ ಕಾಡು ತಾನಾಗಿ ಉಳಿಯುತ್ತದೆ ಎಂಬುದೂ ನಿಜವಲ್ಲ. ಕುದುರೆಮುಖದ ಬೆಟ್ಟವನ್ನು ಅಗೆದು ಅದಿರು ತೆಗೆದದ್ದು ಕೇಂದ್ರ ಸರ್ಕಾರದ್ದೇ ಕಂಪೆನಿ, 1976ರಲ್ಲಿ ಸ್ಥಾಪನೆಯಾದದ್ದು. ಅದು ನಿಂತದ್ದು ಪರಿಸರ ಹೋರಾಟಗಾರರ ಕೂಗಿನಿಂದ, ಸುಪ್ರೀಂ ಕೋರ್ಟಿನ ಆಜ್ಞೆಯಿಂದ, 2005ರ ಕೊನೆಗೆ.

ಇನ್ನು ಕಸ್ತೂರಿರಂಗನ್ ವರದಿ. 2013ರಲ್ಲಿ ವರದಿ ಬಂತು. 2014ರ ಮಾರ್ಚಿನಲ್ಲಿ ಮೊದಲ ಕರಡು ಅಧಿಸೂಚನೆ, 2024ರ ಜುಲೈ 31ಕ್ಕೆ ಆರನೆಯ ಕರಡು. ನಮ್ಮ ರಾಜ್ಯದಲ್ಲಿ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶವೆಂದು ಗುರುತಿಸಿದ್ದಾರೆ. ರಾಜ್ಯದ ಮಂತ್ರಿಮಂಡಲ 2024ರ ಸೆಪ್ಟೆಂಬರಿನಲ್ಲಿ ವರದಿಯನ್ನು ತಿರಸ್ಕರಿಸಿತು. ಇದಕ್ಕೆ ಆಧಾರವಾದ 1986ರ ಪರಿಸರ ಕಾನೂನು ಪಟ್ಟಿಗಳ ಗೊಡವೆಯಿಲ್ಲದೆ ಬಂದದ್ದು. ಹೊರದೇಶಗಳೊಡನೆ ಒಪ್ಪಿದ ಮಾತನ್ನು ನಡೆಸಲು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದೆಂಬ 253ನೆಯ ಅನುಚ್ಛೇದವನ್ನು ಹಿಡಿದು, 1972ರ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರಿನಲ್ಲಿ ಮಾಡಿದರು.

ಇಲ್ಲಿ ನಾವು ಜನಪ್ರಿಯವಲ್ಲದ ಮಾತನ್ನೂ ಹೇಳಬೇಕು. ಆ ಕರಡಿನಲ್ಲಿ ತೋಟ ಕೀಳಿಸುವ ಮಾತಿಲ್ಲ. ಗಣಿ, ಕಲ್ಲುಗಣಿ, ಮರಳುಗಣಿ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗೆ ಮೀರಿದ ಹೊಸ ಕಟ್ಟಡ ಇವುಗಳ ಮೇಲೆ ತಡೆ. ಕಲ್ಲುಗಣಿಯ ಒಡೆಯ ತನ್ನ ಭಯವನ್ನು ನಮ್ಮ ಬಾಯಲ್ಲಿ ಆಡಿಸಬಾರದು. ನಮ್ಮ ತಕರಾರು ಬೇರೆ. ಹತ್ತು ವರ್ಷದಲ್ಲಿ ಆರು ಸಲ ಕರಡು ಬಂದರೂ, ಗೆಜೆಟ್ಟಿನಲ್ಲಿ ಪ್ರಕಟಿಸಿ ಅರುವತ್ತು ದಿನದಲ್ಲಿ ಆಕ್ಷೇಪಣೆ ಕಳಿಸಿ ಎಂದರಲ್ಲದೆ, ಮರ ಎಣಿಸುವವರು ಮನುಷ್ಯರನ್ನು ಕೂರಿಸಿ ಕೇಳುವ ಪದ್ಧತಿ ಬರಲಿಲ್ಲ. ಗೆಜೆಟ್ಟನ್ನು ಕಂಡವರು ಈ ಸಭೆಯಲ್ಲಿ ಎಷ್ಟು ಮಂದಿ? ದೆಹಲಿ ಒಪ್ಪಿಸಲು ಹೊರಟಿತು, ಬೆಂಗಳೂರು ತಿರಸ್ಕರಿಸಿತು. ನಮಗೆ ಅರ್ಥ ಮಾಡಿಸಿ ನಮ್ಮನ್ನು ಕೇಳಿದವರು ಯಾರು?

ಅಡಿಕೆ ಮತ್ತು ಅಕ್ಕಿ

ಬೇಸಾಯ ರಾಜ್ಯದ ವಿಷಯ. ಅಡಿಕೆಗೆ ಕೊಳೆ ಬಂದರೂ, ಎಲೆಚುಕ್ಕಿ ಬಂದರೂ, ಹಳದಿ ಎಲೆ ರೋಗ ಬಂದರೂ ರಾಜ್ಯದ ತೋಟಗಾರಿಕೆ ಇಲಾಖೆಗೆ ಹೋಗುತ್ತೀರಿ. ಆದರೆ ಬೆಳೆದ ಅಡಿಕೆಗೆ ಬೆಲೆ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಆಮದಿನ ಮೇಲೆ, ಅದು ದೆಹಲಿಯ ವಿಷಯ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಿಸಲು ಒಪ್ಪಿಗೆ ಕೊಟ್ಟರು. ಬೆಳೆಗಾರರು ಕೂಗೆಬ್ಬಿಸಿದ ಮೇಲೆ, 2023ರ ಫೆಬ್ರವರಿಯಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಏರಿಸಿದ್ದು ಸರಿ. ಆದರೆ ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯಕ್ಕೆ ಈ ಎರಡು ತೀರ್ಮಾನಗಳಲ್ಲಿಯೂ ಅರ್ಜಿ ಹಾಕುವ ಹಕ್ಕಿತ್ತೇ ಹೊರತು ಕೈ ಎತ್ತುವ ಹಕ್ಕಿರಲಿಲ್ಲ. ರೋಗದ ಖರ್ಚು ರಾಜ್ಯಕ್ಕೆ, ಬೆಲೆಯ ಬೀಗದ ಕೈ ಕೇಂದ್ರಕ್ಕೆ.

ಅಕ್ಕಿಯ ಕತೆ ಇನ್ನೂ ಕಹಿ. 2023ರಲ್ಲಿ ರಾಜ್ಯ ಸರ್ಕಾರ ಪಡಿತರದ ಬಡವರಿಗೆ ತಲೆಗೆ ಇನ್ನೂ 5 ಕಿಲೋ ಅಕ್ಕಿ ಕೊಡುವುದಾಗಿ ಹೇಳಿತು. ದುಡ್ಡು ಕೊಟ್ಟು ಕೊಳ್ಳುತ್ತೇವೆಂದು ಭಾರತ ಆಹಾರ ನಿಗಮವನ್ನು ಕೇಳಿತು. ಜೂನ್ ತಿಂಗಳಲ್ಲಿ ನಿಗಮ ಒಪ್ಪಿತು. ಅದರ ಬೆನ್ನಿಗೇ, ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿ ಕೇಂದ್ರದ ಪತ್ರ ಬಂತು. ಬೆಲೆ ಏರಿಕೆ ತಡೆಯಲು ದಾಸ್ತಾನು ಬೇಕೆಂದು ಕಾರಣ ಕೊಟ್ಟರು. ಬಡವನ ತಟ್ಟೆಗೆ ಬೀಳಬೇಕಾದ ಅಕ್ಕಿ ಎರಡು ಸರ್ಕಾರಗಳ ಜಗಳದಲ್ಲಿ ಗೋದಾಮಿನಲ್ಲೇ ಉಳಿಯಿತು. ಕಿಲೋಗೆ 34 ರೂಪಾಯಿಯ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಹಣ ಕೊಡಬೇಕಾಯಿತು. ಹಣದ ಬದಲು ಅಕ್ಕಿಯೇ ಸಿಗುವ ಹೊತ್ತಿಗೆ 2025ರ ಫೆಬ್ರವರಿ ಬಂತು. ನಮ್ಮ ಅಕ್ಕಿ ಗಿರಣಿಯ ಕೆಲಸಗಾರರೇ, ದಿನವಿಡೀ ಅಕ್ಕಿಯ ಧೂಳು ಕುಡಿಯುವ ನಿಮ್ಮ ಮನೆಗೂ ಆ ಇಪ್ಪತ್ತು ತಿಂಗಳು ಬಂದದ್ದು ಅಕ್ಕಿಯಲ್ಲ, ಲೆಕ್ಕ.

ಅದೇ 2023ರಲ್ಲಿ ಬರ ಬಿತ್ತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ರಾಜ್ಯ ಕೇಳಿದ ಪರಿಹಾರ 18,171 ಕೋಟಿ. ತಿಂಗಳು ತಿಂಗಳು ಕಾದು, 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಂತು. ಕೇಳಿದ್ದು ಹೆಚ್ಚೋ ಕೊಟ್ಟದ್ದು ಕಡಿಮೆಯೋ ಎಂಬ ವಾದ ಬೇರೆ. ಒಣಗಿದ ಹೊಲದ ಲೆಕ್ಕವನ್ನು ಕೋರ್ಟಿನಲ್ಲಿ ಕೇಳಬೇಕಾದ ಒಕ್ಕೂಟ ಎಂಥ ಒಕ್ಕೂಟ?

ನೂರು ರೂಪಾಯಿಯ ಲೆಕ್ಕ

ಈಗ ಹಣಕಾಸು. ಮೇಷ್ಟ್ರ ಕಾಲದ ಹಳೆಯ ಅಭ್ಯಾಸ, ಒಂದು ಲೆಕ್ಕ ಮಾಡಿಸದೆ ಬಿಡುವುದಿಲ್ಲ.

ಕೇಂದ್ರದ ತೆರಿಗೆಯಲ್ಲಿ ಹಂಚಬೇಕಾದ ಮೊತ್ತ 100 ರೂಪಾಯಿ ಎಂದಿಟ್ಟುಕೊಳ್ಳಿ. 14ನೆಯ ಹಣಕಾಸು ಆಯೋಗದ ಪ್ರಕಾರ ಅದರಲ್ಲಿ ಎಲ್ಲ ರಾಜ್ಯಗಳಿಗೆ 42 ರೂಪಾಯಿ. ಆ 42ರಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.713. ಅಂದರೆ ನಮಗೆ ಸುಮಾರು 1 ರೂಪಾಯಿ 98 ಪೈಸೆ. 15ನೆಯ ಆಯೋಗ ರಾಜ್ಯಗಳಿಗೆ 41 ಎಂದಿತು, ನಮ್ಮ ಪಾಲನ್ನು 3.647ಕ್ಕೆ ಇಳಿಸಿತು. ನಮಗೆ ಸಿಕ್ಕಿದ್ದು ಸುಮಾರು 1 ರೂಪಾಯಿ 50 ಪೈಸೆ. ಈ ಇಳಿತಕ್ಕೆ ಸಮಾಧಾನವಾಗಿ 2020–21ಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಎಂದು ಆಯೋಗವೇ ಹೇಳಿತ್ತು. ಕೇಂದ್ರ ಅದನ್ನು ಕೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿಯೇ ಹುಟ್ಟಿದ್ದು.

ಆದರೆ ಒಂದು ಎಚ್ಚರಿಕೆ. ಈ ಲೆಕ್ಕ ಹಿಡಿದು ಬಿಹಾರದವನು ನಮ್ಮ ಅನ್ನ ಕಸಿದ ಎಂದು ಕೂಗುವವರೊಡನೆ ನಾವು ಇಲ್ಲ. ಬಡ ರಾಜ್ಯಕ್ಕೆ ಹೆಚ್ಚು ಕೊಡಬೇಕಾದದ್ದು ನ್ಯಾಯ. ಉಳ್ಳವನು ಇಲ್ಲದವನಿಗೆ ಕೊಡಬೇಕೆಂದು ಊರಿನಲ್ಲಿ ಹೇಳಿ, ದೇಶದಲ್ಲಿ ಬೇಡವೆಂದರೆ ನಾವು ಸಮಾಜವಾದಿಗಳೇ ಅಲ್ಲ. ನಮ್ಮ ಜಿಲ್ಲೆಯ ಕಾಫಿ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಕಾರರು ಬೆವರು ಸುರಿಸುತ್ತಿದ್ದಾರೆ. ಅವರ ಊರಿನಲ್ಲಿ ಕೆಲಸವಿದ್ದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಜಗಳ ಅವರೊಡನೆ ಅಲ್ಲ.

ಜಗಳ ಯಾರೊಡನೆ ಎಂದರೆ, ಹಂಚಿಕೆಗೆ ಬಾರದಂತೆ ಹಣವನ್ನು ಬೇರೆ ಪೆಟ್ಟಿಗೆಗೆ ಹಾಕುವವರೊಡನೆ. ಸೆಸ್ಸು, ಸರ್ಚಾರ್ಜು ಎಂಬ ಹೆಸರಿನಲ್ಲಿ ಎತ್ತಿದ್ದನ್ನು ರಾಜ್ಯಗಳಿಗೆ ಹಂಚಬೇಕಾಗಿಲ್ಲ. 2022ರ ಮೇ ತಿಂಗಳ ಇಳಿಕೆಯ ಬಳಿಕ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಸುಂಕ 19 ರೂಪಾಯಿ 90 ಪೈಸೆ ಆಗಿತ್ತು. ಅದರಲ್ಲಿ ಹಂಚಿಕೆಗೆ ಬರುತ್ತಿದ್ದ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಅದರ ನೂರಕ್ಕೆ 41 ಎಂದರೆ 57 ಪೈಸೆ, ಅದು ಎಲ್ಲ ರಾಜ್ಯಗಳಿಗೂ ಸೇರಿ. ಉಳಿದ 18 ರೂಪಾಯಿ 50 ಪೈಸೆ ಸೆಸ್ಸು, ಹೆಚ್ಚುವರಿ ಸುಂಕವಾಗಿತ್ತು. ಇದರಲ್ಲಿ ಬಿಹಾರಕ್ಕೂ ಪಾಲಿಲ್ಲ, ನಮಗೂ ಪಾಲಿಲ್ಲ. ಬಡ ರಾಜ್ಯದ ಹೆಸರು ಹೇಳಿ ನಮ್ಮನ್ನು ಸುಮ್ಮನಾಗಿಸುವವರು ಬಡ ರಾಜ್ಯಕ್ಕೂ ಇದನ್ನು ಕೊಡುವುದಿಲ್ಲ ಎಂಬುದು ಯೋಚಿಸತಕ್ಕ ವಿಷಯ.

ಜಿ.ಎಸ್.ಟಿ. 2017ರ ಜುಲೈ 1ರಂದು ಬಂತು. ಮಾರಾಟ ತೆರಿಗೆ ಹಾಕುವ ರಾಜ್ಯದ ಹಳೆಯ ಹಕ್ಕು ಬಹುಪಾಲು ಒಂದು ಮಂಡಲಿಗೆ ಹೋಯಿತು. ಅಲ್ಲಿ ಮತಕ್ಕೆ ತೂಕವಿದೆ. ಕೇಂದ್ರದ ಒಂದು ಮತಕ್ಕೆ ಮೂರರಲ್ಲಿ ಒಂದು ಭಾಗ. ಎಲ್ಲ ರಾಜ್ಯಗಳಿಗೂ ಸೇರಿ ಎರಡು ಭಾಗ. ತೀರ್ಮಾನವಾಗಲು ನಾಲ್ಕರಲ್ಲಿ ಮೂರು ಭಾಗ ಬೇಕು. ಗುಣಾಕಾರ ನೀವೇ ಮಾಡಿ: ಕೇಂದ್ರ ಬೇಡವೆಂದರೆ, 31 ರಾಜ್ಯ, ಪ್ರದೇಶಗಳು ಒಂದಾಗಿ ಕೈ ಎತ್ತಿದರೂ ಕೆಲಸ ಆಗದು. ಒಂದು ರಾಜ್ಯದ ಕೈಗೆ ನೂರರಲ್ಲಿ ಎರಡು ಚಿಲ್ಲರೆ ತೂಕ. ಬಹುಪಾಲು ತೀರ್ಮಾನ ಒಮ್ಮತದಿಂದ ಆಗಿದೆ ಎನ್ನುತ್ತಾರೆ, ನಿಜ. ಒಬ್ಬನ ಕೈಯಲ್ಲಿ ಕೋಲಿದ್ದಾಗ ಒಮ್ಮತ ಬೇಗ ಆಗುತ್ತದೆ. ಮಂಡಲಿಯ ಶಿಫಾರಸು ಸಲಹೆಯೇ ಹೊರತು ಕಟ್ಟಾಜ್ಞೆಯಲ್ಲವೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಮಾತನ್ನು ಉಪಯೋಗಿಸುವ ಧೈರ್ಯ ಬೇಕು, ಅಷ್ಟೆ.

ಗಿರಣಿಯ ಒಳಗೆ

ಕೆಲಸಗಾರ ಬಂಧುಗಳೇ, ಕೂಲಿಯ ಕಾನೂನು ಇಬ್ಬರ ಪಟ್ಟಿಯಲ್ಲಿದೆ. 29 ಹಳೆಯ ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿದರು. ಒಂದು 2019ರಲ್ಲಿ, ಮೂರು 2020ರ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದವು. 2025ರ ನವೆಂಬರ್ 21ರಿಂದ ಜಾರಿಗೆ ತಂದರು. 1948ರ ಕಾನೂನಿನ ಪ್ರಕಾರ ವಿದ್ಯುತ್ತಿನಿಂದ ನಡೆಯುವ ಗಿರಣಿಯಲ್ಲಿ 10 ಮಂದಿ ಇದ್ದರೆ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ 20 ಮಂದಿ ಬೇಕು. ಹದಿನೈದು ಮಂದಿ ದುಡಿಯುವ ಅಕ್ಕಿ ಗಿರಣಿ, ಮರ ಕೊಯ್ಯುವ ಗಿರಣಿ ಮಲೆನಾಡಿನಲ್ಲಿ ಎಷ್ಟಿಲ್ಲ? ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾಗಿದ್ದದ್ದು 100 ಮಂದಿ ಇದ್ದಲ್ಲಿ, ಈಗ 300 ಮಂದಿ ಇದ್ದಲ್ಲಿ. ಇದನ್ನು ಮಾಡಿದ್ದು ಕೇಂದ್ರ. ಆದರೆ ರಾಷ್ಟ್ರಪತಿಗಳ ಸಮ್ಮತಿ ಪಡೆದು ರಾಜ್ಯ ತನ್ನ ಕಾನೂನನ್ನು ತರಬಹುದೆಂದು 254ನೆಯ ಅನುಚ್ಛೇದ ಹೇಳುತ್ತದೆ. ಕೇಂದ್ರವನ್ನು ಬೈಯುವ ರಾಜ್ಯದ ಮಂತ್ರಿಗಳನ್ನು ಕೇಳಿ: ಸ್ವಾಮಿ, ಬೈಗುಳ ಸಾಕು, ನಿಮ್ಮ ಮಸೂದೆ ಎಲ್ಲಿ?

ಭದ್ರಾವತಿಯನ್ನು ನೋಡಿ ಬನ್ನಿ. ಅಲ್ಲಿ ಎರಡು ದೊಡ್ಡ ಕಾರ್ಖಾನೆಗಳು. ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನ ಕಟ್ಟಿದ್ದು, 1923ರಲ್ಲಿ ಉತ್ಪಾದನೆ ಆರಂಭ. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಬಂಡವಾಳ ಬರಲಿಲ್ಲ, 2023ರ ಜನವರಿಯಲ್ಲಿ ಮುಚ್ಚುತ್ತೇವೆಂದರು. ಕಾರ್ಮಿಕರು ಬೀದಿಗಿಳಿದ ಮೇಲೆ ಒಂದಷ್ಟು ಭಾಗ ಮತ್ತೆ ಚಾಲೂ ಆಯಿತು. ಕೇಂದ್ರಕ್ಕೆ ಕೊಟ್ಟದ್ದೇ ತಪ್ಪು ಎನ್ನೋಣವೇ? ಪಕ್ಕದಲ್ಲೇ ಇದ್ದ ಕಾಗದದ ಕಾರ್ಖಾನೆ ರಾಜ್ಯದ ಕೈಯಲ್ಲೇ ಉಳಿದಿತ್ತು. ಅದರ ಯಂತ್ರ 2015ರಲ್ಲಿ ನಿಂತಿತು. ಒಂದು ದೆಹಲಿಯ ಕೈಯಲ್ಲಿ ಸೊರಗಿತು, ಒಂದು ಬೆಂಗಳೂರಿನ ಕೈಯಲ್ಲಿ ಸತ್ತಿತು. ಈ ಪಾಠವನ್ನು ಮರೆಯಬೇಡಿ. ಅಧಿಕಾರ ದೆಹಲಿಯಿಂದ ಬೆಂಗಳೂರಿಗೆ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ.

ನಮ್ಮವರ ತಪ್ಪು, ಬೆಂಗಳೂರಿನ ತಪ್ಪು

ಬೇರೆಯವರ ತಪ್ಪು ಹೇಳುವಾಗ ನಮ್ಮದನ್ನು ಮುಚ್ಚಬಾರದು. 1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ ಬಂತು. ಮಂತ್ರಿಮಂಡಲದಲ್ಲಿ ಜಾರ್ಜ್ ಫರ್ನಾಂಡಿಸ್, ಮಧು ದಂಡವತೆಯಂಥ ಸಮಾಜವಾದಿಗಳು ಇದ್ದರು. ಅದೇ ಸರ್ಕಾರ ಒಂಬತ್ತು ರಾಜ್ಯಗಳ ಶಾಸನಸಭೆಗಳನ್ನು ವಿಸರ್ಜಿಸಿತು. ಡಿಸೆಂಬರ್ 31ರಂದು ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರವನ್ನು ವಜಾ ಮಾಡಿತು. ಎರಡು ತಿಂಗಳೊಳಗೆ ಚುನಾವಣೆಯಲ್ಲಿ ಜನ ಅರಸರನ್ನು ಮತ್ತೆ ಕೂರಿಸಿ ಉತ್ತರ ಕೊಟ್ಟರು. ಅಂದು ನಮ್ಮವರು ತಡೆಯಲಿಲ್ಲ ಎಂಬುದನ್ನು ತಲೆ ತಗ್ಗಿಸಿ ಹೇಳುತ್ತೇವೆ. 1989ರ ಏಪ್ರಿಲ್ 21ರಂದು, ಸಭೆಯಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದರು. ಬಹುಮತದ ಪರೀಕ್ಷೆ ಶಾಸನಸಭೆಯಲ್ಲಿ ಆಗಬೇಕೇ ಹೊರತು ರಾಜಭವನದಲ್ಲಲ್ಲ ಎಂದು ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ಹೇಳಿತು. ಕರ್ನಾಟಕದ ಒಂದು ಅನ್ಯಾಯದಿಂದ ಇಡೀ ದೇಶಕ್ಕೆ ಒಂದು ಕಾಪು ದೊರಕಿತು.

ಈಗ ಬೆಂಗಳೂರಿನ ಮಾತು. 1983ರಲ್ಲಿ ಇದೇ ರಾಜ್ಯ, ಅಬ್ದುಲ್ ನಜೀರ್ ಸಾಹೇಬರ ಮುಂದಾಳುತನದಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನು ಮಾಡಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ದೇಶವೇ ತಿರುಗಿ ನೋಡಿತು. ಆ ಮೇಲೆ 73ನೆಯ ತಿದ್ದುಪಡಿ ಬಂದು 1993ರಿಂದ ಪಂಚಾಯಿತಿಗೆ ಸಂವಿಧಾನದಲ್ಲೇ ಸ್ಥಾನ ಸಿಕ್ಕಿತು. ಐದು ವರ್ಷದ ಅವಧಿ ಮುಗಿಯುವ ಮುಂಚೆ ಚುನಾವಣೆ ನಡೆಯತಕ್ಕದ್ದು ಎಂದು ಬರೆದಿದೆ. ಆದದ್ದೇನು? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು, ಅದಾಗಿ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಅದರ ನಡುವೆ ಪಕ್ಷ ಬದಲಾಗಿ ಬೇರೆ ಸರ್ಕಾರ ಬಂತು. ಚುನಾವಣೆ ಮಾತ್ರ ಬರಲಿಲ್ಲ. ನಮ್ಮ ಪಾಲು ಕೊಡಿ ಎಂದು ದೆಹಲಿಯಲ್ಲಿ ಧರಣಿ ಕೂರುವವರು, ಕೊಪ್ಪ ತಾಲ್ಲೂಕಿನ ಪಾಲನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟು ಬೀಗ ಹಾಕಿದರು. ದೆಹಲಿ ಬೆಂಗಳೂರಿಗೆ ಮಾಡಿದ್ದನ್ನೇ ಬೆಂಗಳೂರು ಕಮ್ಮರಡಿಗೆ ಮಾಡಿತು.

ಡಾಕ್ಟರ್ ಲೋಹಿಯಾ ನಾಲ್ಕು ಕಂಬದ ರಾಜ್ಯವೆಂದರು: ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ. ನಾಲ್ಕು ಕಂಬದ ಚಪ್ಪರದಲ್ಲಿ ಎರಡು ಕಂಬ ಮಾತ್ರ ನೆಟ್ಟು, ಆ ಎರಡರಲ್ಲಿ ಯಾವುದು ಎತ್ತರ ಎಂದು ಜಗಳವಾಡಿದರೆ ಚಪ್ಪರ ನಿಲ್ಲುತ್ತದೆಯೇ?

ಎಂಟುನೂರು ಮೀಟರ್ ದಾರಿ

ಕೊನೆಗೆ ನಮ್ಮದೇ ಒಂದು ಅನುಭವ. ನಾವು ಮೇಷ್ಟ್ರಾಗಿದ್ದಾಗ ನಮ್ಮ ಶಾಲೆಗೆ ಕಾಡಿನಾಚೆಯ ಹನ್ನೆರಡು ಮನೆಗಳಿಂದ ಮಕ್ಕಳು ಬರುತ್ತಿದ್ದರು. ಆಷಾಢದ ಮಳೆ ಹಿಡಿದರೆ ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಸಾಲು ಪೂರಾ ಖಾಲಿ. ದಾರಿ ಬೇಕೆಂದು ಊರವರು ಅರ್ಜಿ ಕೊಟ್ಟರು. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು. ಕೊನೆಯ ಕಚೇರಿಯಲ್ಲಿ, ಇದು ದೆಹಲಿಗೆ ಹೋಗಬೇಕು, ನಮ್ಮ ಕೈಯಲ್ಲಿಲ್ಲ ಎಂದರು. ನಾವು ನಂಬಿದೆವು. ಮಕ್ಕಳಿಗೂ ಹಾಗೆಯೇ ಹೇಳಿದೆವು. ಮೂರು ಮಳೆಗಾಲ ಕಳೆಯಿತು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು ಶಾಲೆಯನ್ನೇ ಬಿಟ್ಟರು.

ಪಕ್ಷದ ಕೆಲಸಕ್ಕೆ ಬಂದ ಮೇಲೆ ಕಾನೂನು ಓದಿದೆವು. 2006ರ ಅರಣ್ಯ ಹಕ್ಕು ಕಾನೂನಿನ ಮೂರನೆಯ ವಿಧಿ: ಕಾಡಿನಲ್ಲಿ ಬದುಕುವವರಿಗೆ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮೊದಲಾದ 13 ಸೌಕರ್ಯಗಳಿಗೆ, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವಾಗಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತಿದ್ದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಜಿಲ್ಲೆಯ ಮಟ್ಟದಲ್ಲೇ ಭೂಮಿ ಬಿಡಬಹುದು. ನಮ್ಮ ದಾರಿ 800 ಮೀಟರ್ ಉದ್ದ, 4 ಮೀಟರ್ ಅಗಲ. 3,200 ಚದರ ಮೀಟರ್. ಹೆಕ್ಟೇರೆಂದರೆ 10,000. ಮೂರರಲ್ಲಿ ಒಂದು ಭಾಗವೂ ಅಲ್ಲ. ಬೇಕಾಗಿದ್ದದ್ದು ದೆಹಲಿಯಲ್ಲ, ಗ್ರಾಮಸಭೆಯ ಒಂದು ಠರಾವು. ಗಮನಿಸಿ, ಇದು ಕೇಂದ್ರವೇ ಮಾಡಿದ ಕಾನೂನು, ಅಧಿಕಾರ ಕೊಟ್ಟದ್ದು ಗ್ರಾಮಕ್ಕೆ. ಹೆಕ್ಟೇರು ಎಂದರೆ ಎಷ್ಟು ಎಂದು ಮಕ್ಕಳಿಗೆ ಕಲಿಸುತ್ತಿದ್ದ ಮೇಷ್ಟ್ರಿಗೇ ಆ ಲೆಕ್ಕ ತಿಳಿದಿರಲಿಲ್ಲ. ಆ ಇಬ್ಬರು ಹುಡುಗಿಯರ ಮುಖ ನೆನಪಾದಾಗಲೆಲ್ಲ, ತಪ್ಪು ಕಚೇರಿಯವರದು ಮಾತ್ರ ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಬಂಧುಗಳೇ, ಜೈಕಾರ ಕೂಗಿ ಚದುರುವ ಮುಂಚೆ ನಾಲ್ಕು ಕೆಲಸ ಒಪ್ಪಿಕೊಳ್ಳಿ. ಒಂದು, ಮುಂದಿನ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರು ಬರಬೇಕು. ದಾರಿ, ನೀರು, ಶಾಲೆಯ ಠರಾವನ್ನು ಬರೆಸಿ, ಓದಿಸಿ, ಸಹಿ ಹಾಕಿಸಿ ನಕಲು ಪಡೆಯಬೇಕು. ಎರಡು, ಕಸ್ತೂರಿರಂಗನ್ ಕರಡು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬಾರದೆ ನಾವು ಹೌದೆಂದೂ ಹೇಳೆವು, ಅಲ್ಲವೆಂದೂ ಹೇಳೆವು ಎಂದು ಎರಡೂ ಸರ್ಕಾರಗಳಿಗೆ ಬರೆಯಬೇಕು. ಮೂರು, ಅವಧಿ ಮುಗಿದರೆ ಪಂಚಾಯಿತಿ ಚುನಾವಣೆ ಒಂದು ದಿನವೂ ತಡವಾಗಕೂಡದೆಂದು, ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯಿಂದ, ಯಾವ ಪಕ್ಷವಾದರೂ ಸರಿ, ಬರವಣಿಗೆಯಲ್ಲಿ ಮಾತು ತೆಗೆದುಕೊಳ್ಳಬೇಕು. ನಾಲ್ಕು, ಗಿರಣಿಯವರೂ ಅಂಗಡಿಯವರೂ ಒಂದು ಜಂಟಿ ಸಮಿತಿ ಮಾಡಿಕೊಳ್ಳಬೇಕು. ಹತ್ತು ಮಂದಿಯ ಕಾರ್ಖಾನೆಯ ರಕ್ಷಣೆ ಉಳಿಸಲು ಕೆಲಸಗಾರ ಹೋರಾಡುವಾಗ ಅಂಗಡಿಯವನು ಜೊತೆಗಿರಲಿ, ಅಂಗಡಿಯವನಿಗೆ ನೋಟೀಸು ಬಂದಾಗ ಕೆಲಸಗಾರ ಜೊತೆಗಿರಲಿ.

ದೆಹಲಿಯನ್ನು ಕೇಳುವಾಗ ರಾಜ್ಯದ ಜೊತೆ ನಿಲ್ಲೋಣ. ರಾಜ್ಯವನ್ನು ಕೇಳುವಾಗ ಹಳ್ಳಿಯ ಜೊತೆ ನಿಲ್ಲೋಣ. ಹಳ್ಳಿಯಲ್ಲಿ ಉಳ್ಳವನು ಗ್ರಾಮಸಭೆಯನ್ನು ತನ್ನ ಜಗಲಿ ಮಾಡಿಕೊಂಡರೆ, ಅಲ್ಲಿ ಇಲ್ಲದವನ ಜೊತೆ ನಿಲ್ಲೋಣ. ತಕ್ಕಡಿ ಯಾರ ಕೈಯಲ್ಲೇ ಇರಲಿ, ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುವ ಕಣ್ಣು ನಮ್ಮದಾಗಿರಬೇಕು.

ಮಳೆ ಬರುವ ಹಾಗಿದೆ. ಠರಾವಿನ ಕಾಗದ ಸಭಾಧ್ಯಕ್ಷರ ಮೇಜಿನ ಮೇಲಿದೆ. ಸಹಿ ಹಾಕಿ ಹೋಗಿ.